ಅಮ್ಮ ಕಾಫಿ ಕುಡಿಯುತ್ತಾಳೆ

ಎರಡನೆಯ ಮಹಾಯುದ್ಧದ ದಿನಗಳಲ್ಲಿ ನನ್ನನ್ನು ಮಾಲೂರಿನಿಂದ ಶ್ರೀನಿವಾಸಪುರದ ಹೆಣ್ಣುಮಕ್ಕಳ ಶಾಲೆಗೆ ವರ್ಗ ಮಾಡಿದರು. ಗಂಡ ತೀರಿಕೊಂಡು ಆರು ವರ್ಷವಾಗಿತ್ತು, ಮಕ್ಕಳಿರಲಿಲ್ಲ. ಒಂಟಿ ಹೆಂಗಸಿಗೆ ಮನೆ ಕೊಡಲು ಎಲ್ಲರೂ ಹಿಂದೆಮುಂದೆ ನೋಡಿದರು. ಕೊನೆಗೆ ಮಾವಿನ ತೋಪಿನ ಪಕ್ಕ ಒಂದು ಕೋಣೆ ಸಿಕ್ಕಿತು. ಶಾಲೆ ಬಿಟ್ಟರೆ ಮಾರನೆಯ ಬೆಳಿಗ್ಗೆಯವರೆಗೆ ಯಾರೊಡನೆಯೂ ಒಂದು ಮಾತಿಲ್ಲ. ಒಮ್ಮೊಮ್ಮೆ ನನ್ನ ದನಿ ಇದೆಯೋ ಇಲ್ಲವೋ ಎಂದು ನೋಡಲು ಮಗ್ಗಿ ಹೇಳಿಕೊಳ್ಳುತ್ತಿದ್ದೆ.

ತೋಪಿನಾಚೆ ಒಂದು ಸಣ್ಣ ಮಿಷನ್ ಆಸ್ಪತ್ರೆ ಇತ್ತು. ಅಲ್ಲಿನ ನರ್ಸು ಐಸ್‌ಲ್ಯಾಂಡಿನವರು, ನನಗಿಂತ ಹತ್ತು ವರ್ಷ ದೊಡ್ಡವರು. ರೋಗಿಗಳಿಂದ ಕಲಿತ ಅವರ ಮಾತು ಅರ್ಧ ತೆಲುಗು, ಅರ್ಧ ಕನ್ನಡ. ಬಾಯಿ ತೆರೆದು ನಾಲಿಗೆ ತೋರಿಸಿ ಅನ್ನಲು "ನೋರು ತೆಗೀರಿ, ನಾಲಿಗೆ ಚೂಪಿಂಚು" ಅನ್ನುತ್ತಿದ್ದರು. ಸರಿಯಾದ ಕನ್ನಡ ಕಲಿಸಿ ಎಂದು ನನ್ನನ್ನು ಕರೆಸಿದರು.

ಮೊದಲ ಸಂಜೆ ಬೆಲ್ಲದ ಕಾಫಿ ಕೊಟ್ಟರು. ನಾನು ಅದನ್ನೇ ಪಾಠ ಮಾಡಿದೆ: "ನಾನು ಕಾಫಿ ಕುಡಿಯುತ್ತೇನೆ." ಅವರು ಎರಡು ಸಲ ಹೇಳಿ, "ನಮ್ಮ ಭಾಷೇಲಿ, ಯೆಗ್ ಡ್ರೆಕ್ ಕಾಫಿ" ಎಂದರು. ಕಾಫಿ ಅಲ್ಲಿಯೂ ಕಾಫಿಯೇ! ಆದರೆ ಕ್ರಿಯಾಪದ ಮಧ್ಯದಲ್ಲೇ ಕೂತುಬಿಟ್ಟಿತ್ತು.

"ನೀನು ಅನ್ನೋದಕ್ಕೆ?" ಎಂದೆ.

"ಥೂ."

ಬೆಚ್ಚಿಬಿದ್ದೆ. ನಮ್ಮಲ್ಲಿ ಥೂ ಎಂದರೆ ಉಗುಳುವುದು ಎಂದು ವಿವರಿಸಿದಾಗ ಅವರು ಲೋಟ ಕೆಳಗಿಟ್ಟು, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

"ಅಪ್ಪನಿಗೂ ಹಾಗೇ ಅಂತೀರಾ?"

"ಅಪ್ಪನಿಗೂ ಥೂ!"

ಬಹಳ ದಿನಗಳ ಮೇಲೆ ನಾನೂ ಗಟ್ಟಿಯಾಗಿ ನಕ್ಕೆ.

ಆಮೇಲೆ ವಾರಕ್ಕೆ ಮೂರು ಸಂಜೆ ಹೋಗತೊಡಗಿದೆ. ಒಂದು ದಿನ ಅವರು ಹೇಳಿದರು: "ಮೇಷ್ಟರಮ್ಮ, ಇಲ್ಲಿ ನೋವಾದ್ರೆ ಎಲ್ರೂ ಅಮ್ಮಾ ಅಂತಾರೆ. ನಮ್ಮಲ್ಲಿ ಅಮ್ಮ ಅಂದ್ರೆ ಅಜ್ಜಿ. ಇಷ್ಟು ದೊಡ್ಡ ಗಂಡಸರು ಅಜ್ಜೀನ ಯಾಕೆ ಕರೀತಾರೆ ಅಂದ್ಕೋತಿದ್ದೆ."

ಅವರನ್ನು ಸಾಕಿದ್ದು ಅಜ್ಜಿಯೇ. ಸಮುದ್ರದ ದಡದ ಮನೆಯಲ್ಲಿ ಆಕೆ ಈಗ ಒಬ್ಬಳೇ ಇದ್ದಾಳೆ ಎಂದರು. ಆ ದಿನದ ವಾಕ್ಯ, "ಅಮ್ಮ ಡ್ರೆಕ್ಕುರ್ ಕಾಫಿ." ನಾನು ಕುಡಿದರೆ ಡ್ರೆಕ್, ಅಜ್ಜಿ ಕುಡಿದರೆ ಡ್ರೆಕ್ಕುರ್. ನಮ್ಮಲ್ಲೂ ಹೀಗೇ ಬಾಲ ಬದಲಾಗುತ್ತದೆ ಎಂದು ಸ್ಲೇಟಿನ ಮೇಲೆ ಎರಡನ್ನೂ ಬರೆದು ತೋರಿಸಿದೆ. ಕುಡಿಯುವವಳು ಹೆಣ್ಣು ಎಂಬುದನ್ನೂ ಕನ್ನಡದ ಬಾಲ ಹೇಳುತ್ತದೆಂದು ಅವರಿಗೆ ಆಶ್ಚರ್ಯ.

ಯುದ್ಧದಿಂದಾಗಿ ಅವರಿಗೆ ಊರಿನ ಕಾಗದ ಬರುವುದೇ ಅಪರೂಪ. ಮಾವಿನಕಾಯಿ ಕೀಳುವ ಕಾಲದಲ್ಲಿ ಒಂದು ಸಂಜೆ ಹೋದಾಗ ಅವರು ಜಗಲಿಯ ಮೇಲೆ ಕೂತಿದ್ದರು. ಮಡಿಲಲ್ಲಿ ಒಡೆದ ಲಕೋಟೆ.

"ಪಾಠ ಬೇಡವಾ?" ಎಂದೆ.

"ಅಮ್ಮ ಡ್ರಾಕ್ ಕಾಫಿ," ಎಂದರು ಮೆಲ್ಲಗೆ.

ತಪ್ಪು ಹೇಳಿದರೇನೋ ಎಂದುಕೊಂಡು, "ಡ್ರೆಕ್ಕುರ್ ಅಲ್ವಾ?" ಎಂದೆ.

ಅವರು ತಲೆಯಾಡಿಸಿದರು. "ಇಲ್ಲ. ಕುಡೀತಾಳೆ ಅಲ್ಲ. ಕುಡೀತಿದ್ದಳು."

ಎಂಟು ತಿಂಗಳ ಹಿಂದೆಯೇ ಅಜ್ಜಿ ಹೋಗಿದ್ದಳು. ಅಷ್ಟು ದಿನವೂ ನಾವಿಬ್ಬರು ಅವಳನ್ನು ವರ್ತಮಾನಕಾಲದಲ್ಲೇ ಕೂರಿಸಿ ಕಾಫಿ ಕುಡಿಸಿದ್ದೆವು. ಒಳಗೆ ಹೋಗಿ ಒಲೆ ಹಚ್ಚಿ, ಕಾಫಿಗೆ ನೀರಿಟ್ಟೆ. ಕತ್ತಲಾಗುವವರೆಗೆ ಪಕ್ಕದಲ್ಲಿ ಕೂತಿದ್ದೆ.

ಯುದ್ಧ ಮುಗಿದ ಮೇಲೆ ಅವರು ಊರಿಗೆ ಹೊರಟರು. ಕೋಲಾರದ ಬಸ್ಸಿನವರೆಗೆ ಹೋಗಿ ಕಳಿಸಿ ಬಂದೆ. ಅವರ ಊರಿಂದ ಒಂದೇ ಕಾಗದ ಬಂತು, ಕನ್ನಡದಲ್ಲಿ, ಒತ್ತಕ್ಷರಗಳೆಲ್ಲ ತಪ್ಪಾಗಿ. ನಾನು ಉತ್ತರ ಬರೆದೆ. ತಲುಪಿತೋ ಇಲ್ಲವೋ ತಿಳಿಯಲಿಲ್ಲ.

ಮುಂದೆ ನನಗೆ ಮುಳಬಾಗಿಲಿಗೆ ವರ್ಗವಾಯಿತು. ಹೊಸ ಶಾಲೆಯ ಹೆಡ್ಮಾಸ್ಟರು ರಿಜಿಸ್ಟರು ತೆರೆದು, "ಯಾವ ಯಾವ ಭಾಷೆ ಬರುತ್ತಮ್ಮ?" ಎಂದು ಕೇಳಿದರು.

"ಕನ್ನಡ, ತೆಲುಗು, ಸ್ವಲ್ಪ ಇಂಗ್ಲಿಷು" ಎಂದೆ. ಅವರು ಬರೆದುಕೊಂಡರು. ಇನ್ನೊಂದನ್ನು ಹೇಳಲು ಬಾಯಿ ತೆರೆದೆ. ಅವರು ಆಗಲೇ ಪುಟ ತಿರುಗಿಸಿದ್ದರು.