ಸುಟ್ಟ ಆಯಿಲಿನ ವಾಸನೆ
ಪುಂಜಾಲಕಟ್ಟೆಯ ನಿತ್ಯಾನಂದ ಶೆಟ್ಟರ ಹಳೆಯ ಕಾರು ಹತ್ತಿದವರಿಗೆಲ್ಲ ಒಂದೇ ಕೆಲಸ: ಮೂಸುವುದು. ಆಯಿಲ್ ಸುಟ್ಟ ವಾಸನೆ ಎಲ್ಲಿಂದ ಬರುತ್ತದೆಂದು ತಿಳಿಯದೆ ಶೆಟ್ಟರು ದಾರಿಯುದ್ದಕ್ಕೂ ಕಾರು ನಿಲ್ಲಿಸಿ, ಬಾನೆಟ್ ಎತ್ತಿ, ಸೀಟಿನಡಿ ತಲೆ ತೂರಿಸುತ್ತಾರೆ. ಮದುವೆ ಮಾಡಿಸಲು ಹೊರಟ ಭಟ್ಟರನ್ನೂ ಬಿಡದೆ, "ಸ್ವಲ್ಪ ಮೂಸಿ ನೋಡಿ ಮಾರಾಯ್ರೆ, ಎದುರಿಂದಲಾ, ಹಿಂದಿನಿಂದಲಾ?" ಎನ್ನುತ್ತಾರೆ. ಕೊನೆಗೆ ಪಕ್ಕದಲ್ಲಿ ಕುಳಿತ ಹೆಂಡತಿ ಸರಸಕ್ಕನನ್ನು ಮೆಲ್ಲಗೆ ಕೇಳುತ್ತಾರೆ: "ನಿಂಗೆ ಬರ್ತದಾ?" ಕೊರೋನಾ ಬಂದು ಹೋದಂದಿನಿಂದ ಸರಸಕ್ಕನಿಗೆ ಮಲ್ಲಿಗೆಯ ಪರಿಮಳವೂ ತಿಳಿಯುತ್ತಿರಲಿಲ್ಲ. ಮೊನ್ನೆ ಸಿದ್ಧಕಟ್ಟೆಯ ಏರಿನಲ್ಲಿ ಅವರೇ, "ಎಂತದೋ ಸುಟ್ಟ ವಾಸನೆ ಉಂಟು, ನಿಲ್ಸಿ" ಎಂದರು. ಬಾನೆಟ್ ಎತ್ತಿದರೆ, ಎಂಜಿನ್ ಮುಚ್ಚಳದ ಸಂದಿನಿಂದ ಜಿನುಗಿದ ಆಯಿಲ್ ಬಿಸಿ ಪೈಪಿನ ಮೇಲೆ ಬಿದ್ದು ಹೊಗೆಯಾಡುತ್ತಿತ್ತು. ಶೆಟ್ಟರು ಅದನ್ನು ಅಲ್ಲಿಗೇ ಬಿಟ್ಟು, ರಸ್ತೆಬದಿಯಲ್ಲಿ ನಿಂತು ಮಗಳಿಗೆ ಫೋನು ಹಚ್ಚಿ, "ಅಮ್ಮನಿಗೆ ವಾಸನೆ ಗೊತ್ತಾಯ್ತು!" ಎಂದು ಬೊಬ್ಬೆ ಹೊಡೆದರು.