ದತ್ತಪ್ಪ ಮುಚ್ಚದೆ ಬಿಟ್ಟ ಪೊಟರೆ

ಇದು ಸತ್ಯ ಕಥೆ, ಬಣ್ಣ ಕಟ್ಟಿಲ್ಲ. ಸುಣ್ಣ ಬಳಿಯುವ ಕೆಲಸ ದತ್ತಪ್ಪನವರದು, ನನ್ನದಲ್ಲ.

ಬೆಳಗಿನ ಆರು ಗಂಟೆ. ಚೌಡಾಪುರದ ಹೊರಗೆ, ರಸ್ತೆ ಬದಿಯ ಮುದಿ ಬೇವಿನ ಕೆಳಗೆ ಸುಣ್ಣದ ಬಕೆಟ್ಟು ಹಿಡಿದು ನಿಂತ ದತ್ತಪ್ಪ ಮೇಲೆ ನೋಡಿ ಬೈಯುತ್ತಿದ್ದಾರೆ: "ಒದರಬ್ಯಾಡೋ ಮಾರಾಯಾ! ನಿನ್ನ ಹೆಂಡ್ತೀನ ನಾ ಏನ್ ಹೊತ್ಕೊಂಡು ಹೋಗಂಗಿಲ್ಲ!"

ಬೈಸಿಕೊಳ್ಳುತ್ತಿರುವುದು ಗಂಡು ಮಂಗಟ್ಟೆ ಹಕ್ಕಿ. ಹದ್ದಿನಷ್ಟು ಗಾತ್ರ, ಬೂದಿ ಬಣ್ಣ, ಉದ್ದ ಬಾಲ, ಬಾಗಿದ ಕೊಕ್ಕಿನ ಮೇಲೊಂದು ಪುಟ್ಟ ಕೊಂಬು. ಕಾಡಿನ ಹಕ್ಕಿ, ಕಾಡೇ ಕಾಣದ ಈ ಸೀಮೆಯಲ್ಲಿ ಸಾಲುಮರಗಳನ್ನೇ ಕಾಡೆಂದು ನಂಬಿಕೊಂಡಿದೆ.

ದತ್ತಪ್ಪ ಹದಿನಾಲ್ಕು ವರ್ಷದಿಂದ ರಸ್ತೆ ಗ್ಯಾಂಗಿನಲ್ಲಿದ್ದಾರೆ. ದಿನಕ್ಕೆ ಮೂವತ್ತು ಮರಗಳಿಗೆ ಸುಣ್ಣದ ಪಟ್ಟಿ ಬಳಿದು ನಂಬರು ಬರೆಯಬೇಕು. ಯುಗಾದಿ ಹೊತ್ತಿಗೆ ಇಲಾಖೆಯ ಸಾಹೇಬರಿಂದ ಹೊಸ ಹುಕುಂ ಬಂತು: ಮರಗಳ ಪೊಟರೆಗಳಿಗೆಲ್ಲ ಮಣ್ಣು ಮೆತ್ತಿ ಮುಚ್ಚಿರಿ. ಈ ಬೇವಿನ ಪೊಟರೆ ಆಗಲೇ ಮುಚ್ಚಿತ್ತು, ಬೆರಳಗಲದ ಸೀಳೊಂದನ್ನು ಬಿಟ್ಟು. ದತ್ತಪ್ಪನವರಿಗೆ ಗ್ಯಾಂಗಿನ ಜೊತೆಗಾರ ಬುರಾನುದ್ದೀನರ ಮೇಲೆ ಅನುಮಾನ. "ಬುರಾನ್ಯಾ ಅರ್ಧಾ ಕೆಲಸಾ ಮಾಡಿ ಓಡ್ಯಾನ ಅಂತ ತಿಳ್ಕೊಂಡ್ನಿರಿ. ಅವಗ ಬೈಕೊಂತ ನಾನೇ ಪೂರಾ ಮೆತ್ತಿದೆ."

ಮರುದಿನ ಗಂಡು ಹಕ್ಕಿ ಆಲದ ಹಣ್ಣು ಕಚ್ಚಿಕೊಂಡು ಆ ಹಸಿ ಮಣ್ಣನ್ನು ಕುಟ್ಟುತ್ತಿತ್ತು. ಮರಕ್ಕೆ ಕಿವಿಯಿಟ್ಟರೆ ಒಳಗಿನಿಂದಲೂ ಕುಟ್ಟುವ ಸದ್ದು. ಹೆಣ್ಣು ಮೊಟ್ಟೆಯಿಡಲು ಒಳಹೊಕ್ಕು, ತನ್ನ ಹಿಕ್ಕೆಯಿಂದಲೇ ಬಾಗಿಲು ಕಟ್ಟಿಕೊಂಡು, ರೆಕ್ಕೆಪುಕ್ಕ ಉದುರಿಸಿ ಕೂತಿತ್ತು. ಊಟ ಬರುವ ಕಿಂಡಿ ಆ ಸೀಳೊಂದೇ. ದತ್ತಪ್ಪ ಕುಡುಗೋಲಿನ ತುದಿಯಿಂದ ತಾವು ಮೆತ್ತಿದ ಮಣ್ಣನ್ನಷ್ಟೇ ಕೆತ್ತಿದರು. ಕೊಕ್ಕೊಂದು ಹೊರಬಂದು ಹಣ್ಣು ಕಸಿಯಿತು.

ಅಂದಿನಿಂದ ಶುರು ತಲೆನೋವು. ಗಂಡು ದಿನಕ್ಕೆ ಇಪ್ಪತ್ತು ಸಲ ಬರುತ್ತದೆ, ಇಪ್ಪತ್ತು ಸಲವೂ ದತ್ತಪ್ಪನವರ ಮೇಲೆ ಚೀರುತ್ತದೆ. ಮೇಸ್ತ್ರಿ ಶಿವರಾಯರದು ಇನ್ನೊಂದು ಕಾಟ: "ಆ ಮರದ್ದು ಯಾವಾಗ ಮುಚ್ಚತೀಯೋ? ಸಾಹೇಬ್ರು ಬಂದ್ರ ನನ್ನ ಕೇಳ್ತಾರ!" ಎರಡೂವರೆ ತಿಂಗಳಿಂದ ದತ್ತಪ್ಪನವರ ಉತ್ತರ ಒಂದೇ, "ನಾಳಿಗ್ರಿ." ನನ್ನೆದುರು ಮಾತ್ರ ಸಿಡಿಯುತ್ತಾರೆ: "ಬಾಣಂತಿ ಮನಿ ಮುಚ್ಚು ಅಂತಾರಲ್ರಿ! ಇವರ ಮನ್ಯಾಗ ಹೆಣ್ಮಕ್ಳಿಲ್ಲೇನು?"

ಅಷ್ಟರಲ್ಲಿ ಮರದ ಹಿಂದಿನಿಂದ ಥೇಟ್ ಸಾಹೇಬರದೇ ಗಡಸು ದನಿ: "ಏಯ್ ದತ್ತಪ್ಪಾ! ಪೊಟರಿ ಇನ್ನಾ ಹಂಗೇ ಅದಲ್ಲ!"

ದತ್ತಪ್ಪ ತಿರುಗಿಯೂ ನೋಡದೆ ಕೈಮುಗಿಯುತ್ತಾರೆ. "ಎಂಟು ದಿನಾ ತಡೀರಿ ಸಾಹೇಬ್ರ! ಬೇಕಾದ್ರ ನನ್ನ ಕೆಲಸದಾಗಿಂದ ತೆಗೀರಿ, ಅದಕ್ಕ ಕೈ ಹಚ್ಚಬ್ಯಾಡ್ರಿ!"

ಹೊರಬಂದದ್ದು ಬುರಾನುದ್ದೀನ. ನಗುತ್ತ ನಗುತ್ತ ನೆಲಕ್ಕೇ ಕೂತುಬಿಡುತ್ತಾರೆ. ದತ್ತಪ್ಪ ಬೀಸಿ ಒಗೆದ ಸುಣ್ಣದ ಬ್ರಷ್ಷು ಎದೆಗೆ ಬಡಿದರೂ ನಗು ನಿಲ್ಲದು. "ಜೀವಾನ ತೆಗೆದ್ಯಲ್ಲಲೇ ಸುಡುಗಾಡ ಮಗನ!" ಎಂದು ಬೈಯುತ್ತಾರೆ ದತ್ತಪ್ಪ.

ಆಗ ಮೇಲಿನಿಂದ ಪುಡಿ ಉದುರುತ್ತದೆ. ಸೀಳು ಬಿರಿದು, ಗೋಡೆ ಒಡೆದು, ಹೊಸ ರೆಕ್ಕೆಯ ಹೆಣ್ಣು ಮಂಗಟ್ಟೆ ಎದುರಿನ ಟೊಂಗೆಗೆ ಹಾರುತ್ತದೆ. ಹಿಂದೆಯೇ ತಡವರಿಸುತ್ತ ಎರಡು ಮರಿ.

ದತ್ತಪ್ಪ ಬಾಯಿ ತೆರೆದು ನೋಡುತ್ತಾರೆ. ಆಮೇಲೆ, "ಸಾಹೇಬ್ರ ದನಿ ಕೇಳಿ ಮನೀನ ಖಾಲಿ ಮಾಡಿದ್ಲಲ್ಲಲೇ ಬುರಾನ್ಯಾ!" ಎಂದವರೇ ಬುರಾನುದ್ದೀನರ ನಗು ಮುಳುಗಿಹೋಗುವಂತೆ ನಗತೊಡಗುತ್ತಾರೆ.