ಖಾರದ ಗಿರಣಿಗೆ ಹೋದ ಮನೆಯ ಮಷೀನು

ನಮ್ಮ ಅತ್ತೆ ಸಂಶಿಯಲ್ಲಿ ಖಾರದ ಗಿರಣಿ ಹಾಕಿದಾಗ ನಾನಿನ್ನೂ ಆ ಮನೆಗೆ ಸೊಸೆಯಾಗಿ ಬಂದಿರಲಿಲ್ಲ. ನಾನು ಬರುವ ಹೊತ್ತಿಗೆ ಒಂದು ಸಣ್ಣ ಕೋಣೆಯಲ್ಲಿದ್ದ ಗಿರಣಿ ದೊಡ್ಡ ತಗಡಿನ ಶೆಡ್ಡಿಗೆ ಬಂದಿತ್ತು. ಅತ್ತೆಗೆ ಮೊಣಕಾಲು ನೋವು ಹೆಚ್ಚಾದ ಮೇಲೆ ಅದರ ಕೀಲಿಕೈ ನನ್ನ ಪಾಲಿಗೆ ಬಂತು. ಗಂಡನಿಗೆ ಯರಗುಪ್ಪಿ ಕಡೆಯ ಹೊಲದ ಕೆಲಸವೇ ಹೆಚ್ಚಾಗುತ್ತಿತ್ತು. ಹೀಗಾಗಿ ಗಿರಣಿಯ ಒಳ್ಳೆಯದಕ್ಕೂ ಕೆಟ್ಟದ್ದಕ್ಕೂ ನಾನೇ ಯಜಮಾನಿ.

ಅಲ್ಲಿ ಕಸ ಗುಡಿಸುವ ಹೆಂಗಸು ಅತ್ತೆಯ ಕಾಲದಿಂದಲೂ ಇದ್ದಾಕೆ. ವಯಸ್ಸಿನಲ್ಲಿ ನನಗಿಂತ ಇಪ್ಪತ್ತು ವರ್ಷವಾದರೂ ದೊಡ್ಡವಳು. ನಾನು ಆಕೆಯನ್ನು ಚಿಗವ್ವ, ಅಂದರೆ ಚಿಕ್ಕಮ್ಮ, ಎಂದು ಕರೆಯುತ್ತಿದ್ದೆ. ಆಕೆ ನನ್ನನ್ನು ಅಕ್ಕಾರ ಎನ್ನುತ್ತಿದ್ದಳು. ಸಂಬಂಧದ ಲೆಕ್ಕದಲ್ಲಿ ಎರಡೂ ತಪ್ಪು, ಆದರೆ ಇಬ್ಬರಿಗೂ ಅದು ರೂಢಿಯಾಗಿಬಿಟ್ಟಿತ್ತು. ಮೆಣಸಿನಕಾಯಿ ಸುಗ್ಗಿ ಶುರುವಾದರೆ ಗಿರಣಿಯ ಗೋಡೆ, ತೊಲೆ, ತೂಕದ ಮೇಜು, ನಮ್ಮ ಹುಬ್ಬು ಎಲ್ಲವೂ ಕೆಂಪಾಗುತ್ತಿದ್ದವು. ನೆಲಕ್ಕೆ ನೀರು ಚಿಮುಕಿಸುವಂತಿರಲಿಲ್ಲ. ಹಸಿ ತಾಗಿದರೆ ಪುಡಿ ಗಂಟುಗಟ್ಟುತ್ತದೆ. ಚಿಗವ್ವ ಒಂದು ಗೋಣಿಯನ್ನು ಒದ್ದೆ ಮಾಡಿ, ಚೆನ್ನಾಗಿ ಹಿಂಡಿ, ನೆಲದ ಮೇಲೆ ಮೆಲ್ಲಗೆ ಎಳೆಯುತ್ತಿದ್ದಳು. ಮಗುವಿನ ಮೈ ಒರೆಸಿದ ಹಾಗೆ. ಪುಡಿ ಮೇಲೇಳದೆ ಗೋಣಿಗೆ ಅಂಟಿಕೊಳ್ಳುತ್ತಿತ್ತು. ಮೂಲೆಗಳಿಗೆ ಮಾತ್ರ ಕಸಬರಿಗೆ. ಇದನ್ನು ಆಕೆಗೆ ಯಾರೂ ಕಲಿಸಿರಲಿಲ್ಲ, ತಾನೇ ಕಂಡುಕೊಂಡದ್ದು. ನಾನು ಅದನ್ನು ದಿನಾ ನೋಡುತ್ತಿದ್ದೆ, ಆದರೆ ಅದೊಂದು ಬುದ್ಧಿವಂತಿಕೆ ಎಂದು ನನಗೆ ಯಾವತ್ತೂ ಅನಿಸಿರಲಿಲ್ಲ.

ಒಂದು ಸಲ ಲೈಸೆನ್ಸ್ ನೋಡಲು ಬಂದ ಅಧಿಕಾರಿಯೊಬ್ಬರು ತೊಲೆಯ ಮೇಲೆ ಬೆರಳಾಡಿಸಿ, ತಿನ್ನುವ ಪದಾರ್ಥ ಮಾಡುವ ಜಾಗದಲ್ಲಿ ಇಷ್ಟು ಧೂಳು ಇರಬಾರದು, ಈ ಗೋಣಿ ಗೀಣಿ ಎಲ್ಲ ಬಿಡಿ, ಮಷೀನಿನಿಂದ ಸ್ವಚ್ಛ ಮಾಡಿಸಿ ಎಂದು ಹೇಳಿ ಹೋದರು. ನನಗೆ ಥಟ್ಟನೆ ನೆನಪಾದದ್ದು ನಮ್ಮ ಮನೆಯ ವ್ಯಾಕ್ಯೂಮ್ ಕ್ಲೀನರ್. ಹೊಸ ಸೋಫಾ ತಂದಾಗ ನನ್ನ ತಮ್ಮ ಉಡುಗೊರೆಯಾಗಿ ಕೊಟ್ಟದ್ದು. ನೀಲಿ ಬಣ್ಣದ, ಕುಂಬಳಕಾಯಿ ಗಾತ್ರದ, ಎರಡು ಗಾಲಿಯ ಮಷೀನು. ತಿಂಗಳಿಗೊಮ್ಮೆ ಸೋಫಾದ ಸಂದಿ, ಹಾಸಿಗೆಯ ಅಂಚು ಸ್ವಚ್ಛ ಮಾಡಿದರೆ ಅದರ ಕೆಲಸ ಮುಗಿಯುತ್ತಿತ್ತು. ಮರುದಿನವೇ ಅದನ್ನು ಗಿರಣಿಗೆ ಒಯ್ದೆ.

ಎಲ್ಲರನ್ನೂ ಕರೆದು ನಿಲ್ಲಿಸಿ ನಾನೇ ಚಾಲೂ ಮಾಡಿ ತೋರಿಸಿದೆ. ನೆಲದ ಮೇಲಿನ ಕೆಂಪು ಪುಡಿ ಸರ್ರನೆ ಕೊಳವೆಯೊಳಗೆ ಹೋಗಿ ಕೆಳಗಿನ ಕಲ್ಲು ಬೆಳ್ಳಗೆ ಕಂಡಿತು. ಮೆಣಸಿನಕಾಯಿಯ ತೊಟ್ಟು ಬಿಡಿಸುತ್ತಿದ್ದ ಹೆಂಗಸರು ಕೆಲಸ ಬಿಟ್ಟು ನೋಡಿದರು. ಇನ್ನು ಮೇಲೆ ಬಗ್ಗಿ ಗೋಣಿ ಎಳೆಯುವ ಕಷ್ಟವಿಲ್ಲ, ನಿಂತುಕೊಂಡೇ ಮಾಡಬಹುದು ಎಂದು ಚಿಗವ್ವನ ಕೈಗೆ ಕೊಳವೆ ಕೊಟ್ಟೆ. ಆಕೆ ಅದನ್ನು ಎರಡೂ ಕೈಯಿಂದ ಹಿಡಿದುಕೊಂಡು ತಲೆಯಾಡಿಸಿದಳು. ಆಕೆಗೆ ಒಂದು ದೊಡ್ಡ ಉಪಕಾರ ಮಾಡಿದೆ ಎಂದು ನನಗೆ ಅವತ್ತು ಮನಸ್ಸಿನಲ್ಲೇ ಹಿಗ್ಗು.

ಆಮೇಲೆ ಬಂದುಹೋಗುವವರಿಗೆಲ್ಲ ಅದನ್ನೇ ಹೇಳಿದೆ. ಕುಂದಗೋಳದಿಂದ ಪುಡಿ ಒಯ್ಯಲು ಬರುವ ಅಂಗಡಿಯವರಿಗೆ, ಬೀಗರಿಗೆ, ಬ್ಯಾಂಕಿನವರಿಗೆ. ನಮ್ಮಲ್ಲಿ ಈಗ ಮಷೀನಿನಿಂದಲೇ ಸ್ವಚ್ಛ ಮಾಡುವುದು ಎನ್ನುವಾಗ ಚಿಗವ್ವ ಅಲ್ಲೇ ಬಾಜುವಿನಲ್ಲಿ ನಿಂತಿರುತ್ತಿದ್ದಳು. ಕುಟ್ಟುವ ಯಂತ್ರಗಳು ನಿಂತು, ನಾನು ಊಟಕ್ಕೆ ಮನೆಗೆ ಹೋದ ಮೇಲೆ ಆಕೆ ಬಾಗಿಲು ಮುಂದಕ್ಕೆ ಹಾಕಿಕೊಂಡು ಕೆಲಸ ಮಾಡುತ್ತಿದ್ದಳು. ನಾನು ಮರಳಿ ಬರುವಷ್ಟರಲ್ಲಿ ಮಷೀನನ್ನು ಒರೆಸಿ ಮೂಲೆಯಲ್ಲಿ ಇಟ್ಟಿರುತ್ತಿದ್ದಳು.

ಹೀಗೆ ಒಂದೂವರೆ ತಿಂಗಳಾಗಿರಬೇಕು. ಚಿಗವ್ವನಿಗೆ ಕೆಮ್ಮು ಶುರುವಾಗಿತ್ತು. ಸುಗ್ಗಿಯಲ್ಲಿ ಎಲ್ಲರೂ ಕೆಮ್ಮುವವರೇ, ಸೀನುವವರೇ. ಖಾರದ ಗಿರಣಿ ಎಂದ ಮೇಲೆ ಅದು ಇದ್ದದ್ದೇ. ಆದರೆ ಆಕೆಯ ಕೆಮ್ಮು ಬೇರೆ ಥರ ಇತ್ತು. ಒಣ ಕೆಮ್ಮು, ಕೊನೆಯಲ್ಲಿ ಒಂದು ಸಣ್ಣ ಸೀಟಿ. ನಾನು ಬೆಲ್ಲ, ಶುಂಠಿ ಹಾಕಿ ಕಷಾಯ ಮಾಡಿಸಿ ಕೊಟ್ಟೆ. ಬಾಯಿಗೆ ಬಟ್ಟೆ ಕಟ್ಟಿಕೊ ಎಂದೆ. ಕಟ್ಟಿಕೊಂಡೇ ಮಾಡುತ್ತೇನೆ ಎಂದಳು. ಅಷ್ಟಕ್ಕೇ ಸುಮ್ಮನಾದೆ.

ಒಂದು ಮಧ್ಯಾಹ್ನ ಕನ್ನಡಕ ಮರೆತು ಹೋಗಿದ್ದೆ ಎಂದು ಊಟಕ್ಕೆ ಮೊದಲೇ ಗಿರಣಿಗೆ ತಿರುಗಿ ಬಂದೆ. ಬಾಗಿಲು ತಳ್ಳಿದಾಗ ಮೊದಲು ಕಣ್ಣಿಗೆ ಖಾರ ಹತ್ತಿತು. ಆಮೇಲೆ ಕಂಡಿತು. ಮೇಲಿನ ಬೆಳಕಿಂಡಿಯಿಂದ ಬಿಸಿಲು ಒಂದು ಪಟ್ಟಿಯಾಗಿ ಬೀಳುತ್ತಿತ್ತು, ಆ ಬಿಸಿಲಿನಲ್ಲಿ ಮಷೀನಿನ ಹಿಂಭಾಗದಿಂದ ಕೆಂಪು ಹೊಗೆಯಂಥದ್ದು ಒಂದೇ ಸಮನೆ ಏಳುತ್ತಿತ್ತು. ಮುಂದಿನ ಕೊಳವೆ ನೆಲದ ಪುಡಿಯನ್ನು ಎಳೆದುಕೊಳ್ಳುತ್ತಿತ್ತು, ಹಿಂದಿನ ಜಾಲರಿ ಅದರಲ್ಲಿ ಅತ್ಯಂತ ನುಣುಪಾದದ್ದನ್ನು ಗಾಳಿಗೆ ಬಿಡುತ್ತಿತ್ತು. ಅದರ ನಡುವೆ ಚಿಗವ್ವ ಮುಖಕ್ಕೆ ಟವೆಲ್ ಸುತ್ತಿಕೊಂಡು, ಕಣ್ಣು ಅರ್ಧ ಮುಚ್ಚಿಕೊಂಡು ಕೊಳವೆ ಎಳೆಯುತ್ತಿದ್ದಳು. ಸುಟ್ಟ ರಬ್ಬರಿನ ವಾಸನೆಯೂ ಬರುತ್ತಿತ್ತು. ನಾನು ಓಡಿಹೋಗಿ ಸ್ವಿಚ್ಚು ಆರಿಸಿದೆ, ಆಕೆಯ ರಟ್ಟೆ ಹಿಡಿದು ಹೊರಗೆ ಕರೆದುಕೊಂಡು ಬಂದೆ.

ಬೇವಿನ ಗಿಡದ ಕೆಳಗೆ ಕೂಡಿಸಿ ನೀರು ಕೊಟ್ಟೆ. ಕೆಮ್ಮು ನಿಲ್ಲಲು ಬಹಳ ಹೊತ್ತು ಹಿಡಿಯಿತು.

“ಯಾವಾಗಿಂದ ಹಿಂಗ ಹಿಂದ ಪುಡಿ ಉಗುಳಾಕ್ಹತ್ತೈತಿ ಅದು?” ಎಂದು ಕೇಳಿದೆ.

“ಮೊದಲನೇ ದಿನದಿಂದರಿ.”

“ಮತ್ತ ಹೇಳಬಾರದಾಗಿತ್ತೇನ ಚಿಗವ್ವಾ?”

ಆಕೆ ಟವೆಲನ್ನು ಬಿಚ್ಚಿ, ಮಡಚಿ, ಮತ್ತೆ ಬಿಚ್ಚಿದಳು. “ನೀವು ಅಗದಿ ಖುಷೀಲೆ ತಂದಿದ್ರಿ. ಬಂದಬಂದವರಿಗೆಲ್ಲಾ ಹೇಳ್ತಿದ್ರಿ. ಮೊದಲ ನನ್ನ ಕೈಯಾಗ ಏನೋ ತಪ್ಪೈತಿ ಅನ್ಕೊಂಡೆ. ಆಮ್ಯಾಲೆ ಮಷೀನ ಹಂಗ ಅಂತ ತಿಳೀತು. ತಿಳಿದ ಮ್ಯಾಲೂ ಹೆಂಗ ಹೇಳಬೇಕ್ರಿ ಅಕ್ಕಾರ?”

ಆಕೆ ಸುಳ್ಳು ಹೇಳಿರಲಿಲ್ಲ, ಮುಚ್ಚಿಟ್ಟಿರಲೂ ಇಲ್ಲ. ನಾನು ಕೇಳಿರಲಿಲ್ಲ, ಅಷ್ಟೇ. ಮಷೀನು ಹೇಗಿದೆ ಎಂದು ಆ ಒಂದೂವರೆ ತಿಂಗಳಲ್ಲಿ ಒಂದು ಸಲವೂ ಆಕೆಯನ್ನು ಕೇಳಿರಲಿಲ್ಲ. ಹೇಳಿದ್ದೆಲ್ಲ ಬೇರೆಯವರಿಗೆ, ಅದೂ ಹೊಗಳಿಕೆ ಬರಲಿ ಎಂದು.

ಮನೆಗೆ ಹೋಗಿ ಮಷೀನಿನ ಜೊತೆ ಬಂದಿದ್ದ ಪುಸ್ತಕ ಹುಡುಕಿ ತೆಗೆದೆ. ಮೊದಲ ಪುಟದಲ್ಲೇ ಇತ್ತು: ಇದು ಮನೆಬಳಕೆಗೆ ಮಾತ್ರ. ಹಿಟ್ಟು, ಸಿಮೆಂಟು, ಬೂದಿಯಂಥ ನುಣುಪು ಪುಡಿಗೆ ಬಳಸಬಾರದು. ಬಹಳ ಹೊತ್ತು ಸತತವಾಗಿ ನಡೆಸಬಾರದು. ಇಂಗ್ಲಿಷಿನಲ್ಲಿತ್ತು, ನನಗೆ ಓದಲು ಬರುತ್ತದೆ. ಓದಲು ಬಾರದವಳ ಕೈಗೆ ಮಷೀನು ಕೊಟ್ಟು, ಓದಲು ಬರುವ ನಾನು ಪುಸ್ತಕವನ್ನು ಕಪಾಟಿನಲ್ಲಿ ಇಟ್ಟಿದ್ದೆ.

ಮರುದಿನ ಚಿಗವ್ವನನ್ನು ಕುಂದಗೋಳಕ್ಕೆ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಅವರು ಬೆನ್ನಿಗೆ, ಎದೆಗೆ ಸ್ಟೆತಸ್ಕೋಪ್ ಇಟ್ಟು ಬಹಳ ಹೊತ್ತು ಕೇಳಿದರು. ಉಸಿರಿನ ನಾಳಗಳು ಬಾತು ಬಿಗಿದಿವೆ, ಬಾಯಿಂದ ಎಳೆದುಕೊಳ್ಳುವ ಔಷಧ ಬರೆದುಕೊಡುತ್ತೇನೆ, ಆದರೆ ಪುಡಿಯ ಹತ್ತಿರ ಹೋದರೆ ಔಷಧದಿಂದ ಉಪಯೋಗವಿಲ್ಲ ಎಂದರು. ಇಷ್ಟು ವರ್ಷ ಅದೇ ಗಿರಣಿಯಲ್ಲಿ ಇದ್ದರೂ ಏನೂ ಆಗದ್ದು ಈಗ ಹೇಗಾಯಿತು ಎಂದೂ ಕೇಳಿದರು. ನಾನು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಎಂದು ಬಸ್ಸಿನಲ್ಲಿ ಬರುವಾಗ ಅನಿಸಿತು.

ಆಕೆಗೆ ಸ್ವಲ್ಪ ಆರಾಮಾದ ಮೇಲೆ ಹುಬ್ಬಳ್ಳಿಗೆ ಹೋಗಿ ಕಾರ್ಖಾನೆಗಳಿಗೆ ಮಾರುವ ಮಷೀನು ನೋಡಿಬರೋಣ ಎಂದು ಕರೆದೆ. ನಾನೇನು ಮಾಡಲಿ ಬಂದು ಎಂದಳು. ಹಿಡಿದು ನೋಡುವವರು ನೀವೇ ತಾನೆ ಎಂದೆ. ಅವತ್ತು ಯಾಕೋ ಬಾಯಿಗೆ ನೀವು ಎಂದೇ ಬಂತು. ಹೊರಡುವಾಗ ಆಕೆ ಗಿರಣಿಯಿಂದ ಒಂದು ಮುಷ್ಟಿ ಖಾರದಪುಡಿಯನ್ನು ಕಾಗದದಲ್ಲಿ ಕಟ್ಟಿಕೊಂಡು, ಹೊಸ ಬಿಳಿ ಕರವಸ್ತ್ರವೊಂದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು.

ಅಂಗಡಿಯವನು ಒಳ್ಳೆಯ ಮಾತುಗಾರ. ಮಾತೆಲ್ಲ ನನ್ನ ಜೊತೆಗೇ. ಮನೆಯದು ಮತ್ತು ಕೆಲಸದ ಜಾಗದ್ದು ಬೇರೆ ಬೇರೆ ಎಂದು ಚೆನ್ನಾಗಿಯೇ ಬಿಡಿಸಿ ಹೇಳಿದ. ಮನೆಯ ಮಷೀನಿನಲ್ಲಿ ಹೀರಿಕೊಂಡ ಗಾಳಿಯೇ ಮೋಟಾರಿನ ಮೇಲೆ ಹಾದು ಅದನ್ನು ತಂಪು ಮಾಡಬೇಕು. ಚೀಲ ತುಂಬಿ ಗಾಳಿ ಕಟ್ಟಿದರೆ ಮೋಟಾರು ಕಾದು ಸುಟ್ಟುಹೋಗುತ್ತದೆ. ದೊಡ್ಡದರಲ್ಲಿ ಮೋಟಾರಿಗೆ ಬೇರೆ ಗಾಳಿ, ಧೂಳಿಗೆ ಬೇರೆ ಗಾಳಿ. ಅದರ ಧೂಳು ತುಂಬುವ ಹೊಟ್ಟೆಯೂ ದೊಡ್ಡದು, ತಂತಿಯೂ ಉದ್ದ, ತೂಕವೂ ಸದ್ದೂ ಜಾಸ್ತಿ. ಇಷ್ಟು ಹೇಳಿ, ನಿಮ್ಮಂಥ ಸಣ್ಣ ಗಿರಣಿಗೆ ಇದು ಸಾಕು ಎಂದು ನಡುವಿನ ಒಂದನ್ನು ಮುಂದಕ್ಕೆ ಎಳೆದ.

ಚಿಗವ್ವ ಅದರ ಸುತ್ತ ಒಂದು ಸುತ್ತು ಬಂದಳು. “ಗಾಳಿ ಎಲ್ಲಿಂದ ಹೊರಗ ಬರತೈತ್ರಿ ಇದರಾಗ?” ಎಂದು ಕೇಳಿದಳು.

ಅವನು ತೋರಿಸಿದ. ಆಕೆ ಕಾಗದದ ಪೊಟ್ಟಣ ಬಿಚ್ಚಿ ಅಂಗಡಿಯ ಹೊಳೆಯುವ ನೆಲದ ಮೇಲೆ ಖಾರದಪುಡಿಯನ್ನು ಸುರಿದೇಬಿಟ್ಟಳು. ಅಂಗಡಿಯವನು ಅಯ್ಯೋ ಎನ್ನುತ್ತ ಹಿಂದೆ ಸರಿದ. ಆಕೆ ಕರವಸ್ತ್ರವನ್ನು ಗಾಳಿ ಬರುವ ಜಾಗಕ್ಕೆ ಒತ್ತಿ ಹಿಡಿದು, ಚಾಲೂ ಮಾಡಿ ಎಂದು ನನಗೆ ಸನ್ನೆ ಮಾಡಿದಳು. ನಾನು ಕೊಳವೆ ಹಿಡಿದೆ. ಪುಡಿಯೆಲ್ಲ ಒಳಗೆ ಹೋಯಿತು. ಆರಿಸಿದ ಮೇಲೆ ಕರವಸ್ತ್ರ ಬಿಡಿಸಿ ನೋಡಿದರೆ ನಡುವೆ ತೆಳ್ಳಗೆ ಗುಲಾಬಿ ಬಣ್ಣದ ಗುರುತು. ಆಕೆ ಅದನ್ನು ಅಂಗಡಿಯವನ ಮುಂದೆ ಹಿಡಿದಳು. ಅವನು ಅದನ್ನು ನೋಡಿ, ಒಳಗಿನಿಂದ ಇನ್ನೊಂದನ್ನು ತರಿಸಿದ. ಉಕ್ಕಿನ ಪೀಪಾಯಿಯಂಥದ್ದು, ಎರಡು ಪದರದ ಫಿಲ್ಟರು. ಇದು ನುಣುಪು ಪುಡಿಗೆಂದೇ ಮಾಡಿದ್ದು ಎಂದು ಈ ಸಲ ಚಿಗವ್ವನ ಕಡೆ ನೋಡಿಯೇ ಹೇಳಿದ. ಕಾಗದದಲ್ಲಿ ಉಳಿದಿದ್ದ ಪುಡಿಯಿಂದ ಅದೇ ಪರೀಕ್ಷೆ ನಡೆಯಿತು. ಕರವಸ್ತ್ರದ ಇನ್ನೊಂದು ಮೂಲೆ ಬೆಳ್ಳಗೇ ಉಳಿಯಿತು. ಆಕೆ ಅದನ್ನು ಬೆಳಕಿಗೆ ಹಿಡಿದು ಎರಡು ಸಲ ನೋಡಿ, “ಇದು ಆಗತೈತ್ರಿ ಅಕ್ಕಾರ” ಎಂದಳು.

ಆ ಮಷೀನು ಈಗಲೂ ನಮ್ಮ ಗಿರಣಿಯಲ್ಲಿದೆ. ಎತ್ತಲು ಇಬ್ಬರು ಬೇಕು. ಸದ್ದಿಗೆ ಹೊರಗೆ ಕಟ್ಟಿದ ಆಕಳು ಬೆದರುತ್ತಿತ್ತು, ಆಮೇಲೆ ಅದಕ್ಕೂ ರೂಢಿಯಾಯಿತು. ಆದರೆ ಅದನ್ನು ಆಯ್ದುಕೊಂಡಾಕೆಗೆ ಅದನ್ನು ನಡೆಸುವ ಭಾಗ್ಯ ಬರಲಿಲ್ಲ. ಡಾಕ್ಟರು ಒಳಗಿನ ಕೆಲಸ ಬೇಡವೇ ಬೇಡ ಎಂದರು. ತೊಟ್ಟು ಬಿಡಿಸುವ ಹೆಂಗಸರಲ್ಲಿ ಒಬ್ಬಳು ಅದನ್ನು ಕಲಿತಳು. ಚಿಗವ್ವ ಬಾಗಿಲ ಹೊರಗೆ ನಿಂತು, ಮಷೀನಿನ ಹೊಟ್ಟೆ ಅರ್ಧ ತುಂಬಿದಾಗಲೇ ಖಾಲಿ ಮಾಡು, ಫಿಲ್ಟರನ್ನು ಗೋಡೆಗೆ ಬಡಿಯಬೇಡ ಎಂದು ಹೇಳಿಕೊಡುತ್ತಿದ್ದಳು. ಆಕೆಗೆ ಗಿರಣಿಯ ಹೊರಗಿನ ಪಡಸಾಲೆಯಲ್ಲಿ ತುಂಬಿದ ಪಾಕೀಟುಗಳಿಗೆ ಚೀಟಿ ಅಂಟಿಸುವ ಕೆಲಸ ಕೊಟ್ಟೆ. ಕೆಮ್ಮು ಕಡಿಮೆಯಾಯಿತು, ಪೂರ್ತಿ ಹೋಗಲಿಲ್ಲ. ಮೆಣಸಿನಕಾಯಿ ಬರುವ ತಿಂಗಳಲ್ಲಿ ಆ ಸಣ್ಣ ಸೀಟಿ ಮತ್ತೆ ಕೇಳುತ್ತದೆ. ಕೇಳಿದಾಗಲೆಲ್ಲ ನಾನು ಕೈಯಲ್ಲಿದ್ದ ಕೆಲಸ ನಿಲ್ಲಿಸುತ್ತೇನೆ. ಆಕೆ ಅದನ್ನು ಗಮನಿಸಿ ಬೇಗ ಬೇಗ ನೀರು ಕುಡಿಯುತ್ತಾಳೆ. ಆ ವಿಷಯವನ್ನು ನಾವು ಮತ್ತೆ ಮಾತಾಡಿಲ್ಲ. ಕ್ಷಮಿಸು ಎಂದು ಒಮ್ಮೆ ಹೇಳಹೋದಾಗ ಆಕೆ ಬೇರೆ ಮಾತು ತೆಗೆದಳು. ಬಹುಶಃ ನನ್ನನ್ನು ಮುಜುಗರದಿಂದ ಉಳಿಸಲು.

ಹೋದ ವರ್ಷ ನಾನು ಪುಡಿ ಸೋಸಲು ಹೊಸ ಜರಡಿ ಯಂತ್ರವೊಂದನ್ನು ತರಿಸಿದೆ. ಅದನ್ನು ಟೆಂಪೋದಿಂದ ಇಳಿಸಲು ಹೊರಟಾಗ ಊರಿನ ನಾಲ್ಕಾರು ಜನ, ತಂದ ಕಂಪನಿಯವರು ಎಲ್ಲರೂ ನಿಂತಿದ್ದರು. ಚಿಗವ್ವ ಕೈಗೆ ಅಂಟಿದ್ದ ಗೋಂದನ್ನು ಒರೆಸಿಕೊಳ್ಳುತ್ತ ಎದ್ದು ಬಂದಳು. ಮುಚ್ಚಳ ಎತ್ತಿ ನೋಡಿದಳು, ಬದಿಯ ಸಂದಿಯಲ್ಲಿ ಬೆರಳು ತೂರಿಸಿದಳು. ಆಮೇಲೆ ಎಲ್ಲರಿಗೂ ಕೇಳುವ ಹಾಗೆ, “ಇದು ಬ್ಯಾಡ್ರಿ ಅಕ್ಕಾರ. ಈ ಸಂದ್ಯಾಗಿಂದ ಪುಡಿ ಹಾರತೈತಿ. ವಾಪಸ್ ಕಳಸ್ರಿ” ಎಂದಳು.

ಒಂದು ಕ್ಷಣ ನನಗೆ ಮುಖ ಕೆಂಪಾಯಿತು, ಸುಳ್ಳು ಹೇಳುವುದಿಲ್ಲ. ಇಷ್ಟು ಜನರ ಮುಂದೆ ಬೇಕಿತ್ತೇ ಎನಿಸಿತು. ಕಂಪನಿಯವನು ನಗುತ್ತ ನನ್ನ ಕಡೆ ನೋಡಿದ, ನಾನೂ ನಗುತ್ತೇನೆ ಎಂದುಕೊಂಡು. ನಾನು ಬಗ್ಗಿ ಆಕೆ ಬೆರಳು ತೂರಿಸಿದ್ದ ಜಾಗವನ್ನು ನೋಡಿದೆ. ಸಂದಿ ಇದ್ದದ್ದು ನಿಜ. ಟೆಂಪೋದವನಿಗೆ ಇಳಿಸಬೇಡ ಎಂದು ಹೇಳಿ, ಅದನ್ನು ಹಾಗೇ ತಿರುಗಿಸಿ ಕಳಿಸಿದೆ. ಚಿಗವ್ವ ಆಗಲೇ ಪಡಸಾಲೆಗೆ ಹೋಗಿ ಚೀಟಿ ಅಂಟಿಸಲು ಕೂತಿದ್ದಳು.